ಬಂದ್-ಚಾಲೂ ಮೀಮಾಂಸೆ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ಇಮ್ಮಡಿ ಚಾವುಂಡರಾಯ ಕ್ರಿ.ಶ. 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಮನೆಯ ವಾಸ್ತು, ಅಂತರ್ಜಲದ ಗುರುತು, ಗಿಡಮರಗಳ ಆರೈಕೆ, ಅಡುಗೆಯ ಪಾಕ ಎಲ್ಲವೂ ಉಂಟು. ಚಾಳುಕ್ಯ ರಾಜಕುಮಾರ ಕೀರ್ತಿವರ್ಮ ದನಕರುಗಳ ರೋಗಕ್ಕೆಂದೇ ‘ಗೋವೈದ್ಯ’ ಬರೆದ. ಮೂರನೆಯ ಮಂಗರಸ ಅಡುಗೆಗೆ ‘ಸೂಪಶಾಸ್ತ್ರ’ ಕೊಟ್ಟ. ಇಷ್ಟೆಲ್ಲ ಇದ್ದೂ, ಹಾವೇರಿ ಜಿಲ್ಲೆಯ ಕಚೇರಿ, ಅಂಗಡಿ, ಮಾರುಕಟ್ಟೆಗಳಲ್ಲಿ ದಿನಬೆಳಗಾದರೆ ಕೇಳಿಬರುವ ಒಂದು ಮಹಾವಾಕ್ಯಕ್ಕೆ ಈವರೆಗೆ ಯಾರೂ ಭಾಷ್ಯ ಬರೆದಿಲ್ಲ: “ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ.” ಈ ವಾಕ್ಯಕ್ಕೆ ಅಧಿಕಾರಿಭೇದವಿಲ್ಲ. ಪಾಳಿಯಲ್ಲಿ ನಿಂತ ರೈತ ಹೇಳಬಹುದು, ಚಹಾ ಕೊಡಲು ಬಂದ ಹುಡುಗ ಹೇಳಬಹುದು, ಕಂಪ್ಯೂಟರ್ ಮುಟ್ಟಿಯೇ ಇರದ ಅಜ್ಜ ಹೇಳಬಹುದು. ಯಾರು ಹೇಳಿದರೂ ಅದರ ಪ್ರಾಮಾಣ್ಯ ಕುಗ್ಗುವುದಿಲ್ಲ. ಸರ್ವಸಮ್ಮತವಾದ ಮಾತಿಗೆ ಭಾಷ್ಯ ಯಾಕೆ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. ವಾಕ್ಯ ಒಂದೇ, ಆಚರಣೆ ಹಲವು. ಎಲ್ಲಿ ವಾಕ್ಯಕ್ಕೂ ಆಚರಣೆಗೂ ನಡುವೆ ಇಷ್ಟು ಅಂತರ ಬೀಳುತ್ತದೋ ಅಲ್ಲಿ ಪಂಡಿತರು ತಲೆಹಾಕುವುದು ವಾಡಿಕೆ.

ವಿಂಗಡಣೆ ಇಲ್ಲದೆ ಶಾಸ್ತ್ರವಿಲ್ಲವಾದ್ದರಿಂದ ಅದನ್ನು ಮೊದಲು ಮುಗಿಸೋಣ. ಪಿ.ಸಿ.ಯನ್ನು ಮರುಚಾಲನೆ ಮಾಡುವ ಉಪಾಯಗಳು ರಾಜನೀತಿಯ ಉಪಾಯಗಳ ಹಾಗೆ ನಾಲ್ಕು. ಸ್ಟಾರ್ಟ್ ಮೆನುವಿಗೆ ಹೋಗಿ ‘ರೀಸ್ಟಾರ್ಟ್’ ಒತ್ತುವುದು ಸಾಮ. ಇಲ್ಲಿ ಯಂತ್ರವನ್ನು ವಿನಂತಿಸಿಕೊಳ್ಳಲಾಗುತ್ತದೆ. ಅದು ತೆರೆದಿಟ್ಟ ಒಂದೊಂದೇ ತಂತ್ರಾಂಶದ ಒಪ್ಪಿಗೆ ಪಡೆದು, ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿ ಉಳಿಸದೆ ಬಿಟ್ಟ ಪತ್ರವಿದ್ದರೆ ಉಳಿಸಲೇ ಎಂದು ಕೇಳಿ, ಆಮೇಲೆ ಮಲಗಿ ಏಳುತ್ತದೆ. ಯಂತ್ರಕ್ಕೆ ಬರೀ ಸಮಯ ಕೊಟ್ಟು ಸುಮ್ಮನೆ ಕೂಡುವುದು ದಾನ. ಇದು ಮರುಚಾಲನೆಯೇ ಅಲ್ಲವೆಂದು ತಕರಾರು ತೆಗೆಯಬಹುದು. ಆದರೆ ಉಳಿದ ಮೂರೂ ಉಪಾಯಗಳು ಇದರಿಂದಲೇ ಶುರುವಾಗುವ ಕಾರಣ ಇದನ್ನು ಪೂರ್ವಾಂಗವೆಂದು ಒಪ್ಪಲೇಬೇಕು. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಅದುಮಿ, ಟಾಸ್ಕ್ ಮ್ಯಾನೇಜರ್ ತೆರೆದು, ಹಟ ಹಿಡಿದ ತಂತ್ರಾಂಶವನ್ನು ಅದರ ಬಳಗದಿಂದ ಬೇರ್ಪಡಿಸಿ ಮುಗಿಸುವುದು, ಅದಕ್ಕೂ ಮಣಿಯದಿದ್ದರೆ ಅದೇ ಪರದೆಯ ಮೂಲೆಯಿಂದ ಮರುಚಾಲನೆ ಕೊಡುವುದು ಭೇದ. ರಿಸೆಟ್ ಗುಂಡಿ ಒತ್ತುವುದು, ಪವರ್ ಬಟನ್ ಅದುಮಿ ಹಿಡಿಯುವುದು, ಗೋಡೆಯ ಸ್ವಿಚ್ ಆರಿಸುವುದು, ಪ್ಲಗ್ಗನ್ನೇ ಕಿತ್ತು ಮತ್ತೆ ಚುಚ್ಚುವುದು, ಇವು ಏರುವ ಸಿಟ್ಟಿನ ಕ್ರಮದಲ್ಲಿ ದಂಡದ ನಾಲ್ಕು ಪ್ರಭೇದಗಳು. ಐದನೆಯದೊಂದು ಬಾಕಿ ಇದೆ: ಕರೆಂಟ್ ಹೋಗುವುದು. ಅದಕ್ಕೆ ಕರ್ತೃವೇ ಇಲ್ಲವಾದ್ದರಿಂದ ಅದನ್ನು ಆಕ್ಷೇಪಗಳ ಜೊತೆ ವಿಚಾರಿಸುವುದು ಉಚಿತ.

ಸಂಶಯ ಹುಟ್ಟುವುದು ಇಲ್ಲಿ. ಯಂತ್ರ ಒಂದೇ ಮಾದರಿಯದು, ಅದರ ಹಟವೂ ಒಂದೇ ಬಗೆಯದು. ಆದರೂ ಒಬ್ಬರು ಸಾಮಕ್ಕೆ ಕೈಹಾಕುತ್ತಾರೆ, ಇನ್ನೊಬ್ಬರು ನೇರ ದಂಡಕ್ಕೆ. ಈ ಭೇದಕ್ಕೆ ಕಾರಣವೇನು? ಪೂರ್ವಪಕ್ಷದವರ ಉತ್ತರ ಸರಳ: ರೋಗ ನೋಡಿ ಮದ್ದು. ಒಂದು ತಂತ್ರಾಂಶ ಕೆಟ್ಟರೆ ಭೇದ, ಇಡೀ ವ್ಯವಸ್ಥೆ ಮಂದವಾದರೆ ಸಾಮ, ಮೌಸಿನ ಬಾಣವೂ ಕದಲದಿದ್ದರೆ ದಂಡ. ಕೇಳಲು ಇದು ವೈದ್ಯಶಾಸ್ತ್ರದಷ್ಟೇ ಗಂಭೀರ. ಆದರೆ ಜಿಲ್ಲೆಯ ಯಾವ ಕೌಂಟರಿನ ಮುಂದೆ ನಿಂತು ನೋಡಿದರೂ ಯಾರೂ ಹೀಗೆ ನಡೆದುಕೊಳ್ಳುವುದಿಲ್ಲ. ನಮ್ಮ ಸಿದ್ಧಾಂತ ಬೇರೆ. ಮರುಚಾಲನೆಯ ವಿಧಾನವನ್ನು ಗೊತ್ತುಮಾಡುವುದು ಯಂತ್ರದ ಎದುರು ನಿಂತವರ ಕಾಯುವ ಶಕ್ತಿ; ಯಂತ್ರದ ರೋಗಕ್ಕೆ ಅದರಲ್ಲಿ ಮತದಾನದ ಹಕ್ಕಿಲ್ಲ. ಬೆರಳು ಕುಂತವರದು, ಯಾವ ಗುಂಡಿ ಎಂಬ ತೀರ್ಮಾನ ನಿಂತವರದು. ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ರೈಲಿಗೆ ಒಂದರ ಹಿಂದೊಂದು ಸಿಗುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಸಿದ್ಧಾಂತಕ್ಕೆ ಮೂರು ಪ್ರಯೋಗಶಾಲೆಗಳು. ಒಂದೇ ಜಿಲ್ಲೆ, ಒಂದೇ ಕರೆಂಟು, ಒಂದೇ ಧೂಳು. ಕಾಯುವ ಶಕ್ತಿ ಮಾತ್ರ ಊರಿಗೊಂದು ಬಗೆ.

ಊರುಗಳಿಗೆ ಇಳಿಯುವ ಮೊದಲು ಚರಿತ್ರೆಯ ಸಾಕ್ಷ್ಯ ನೋಡಬೇಕು. ಐಬಿಎಂ ಪಿ.ಸಿ. ಲೋಕಾರ್ಪಣೆಯಾದದ್ದು 1981ರ ಆಗಸ್ಟಿನಲ್ಲಿ. ಅದನ್ನು ಕಟ್ಟುತ್ತಿದ್ದ ತಂಡದಲ್ಲಿ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರ್ ಇದ್ದರು. ಪರೀಕ್ಷೆಯ ಹಂತದಲ್ಲಿ ಯಂತ್ರ ಗಳಿಗೆಗೊಮ್ಮೆ ಕಲ್ಲಾಗಿ ನಿಲ್ಲುತ್ತಿತ್ತು. ಆರಿಸಿ ಹಚ್ಚಿದರೆ ತನ್ನ ಮೆಮೊರಿಯನ್ನೆಲ್ಲ ಮೊದಲಿನಿಂದ ತಪಾಸಿಸಿಕೊಂಡೇ ಏಳುತ್ತಿತ್ತು. ಆ ತಪಾಸಣೆಗೆ ಕಾಯಲು ಮನಸ್ಸಿಲ್ಲದೆ ಬ್ರಾಡ್ಲಿ ಮೂರು ಕೀಲಿಗಳ ಯೋಗ ಕಂಡುಹಿಡಿದರು. ಮೊದಲ ಪಾಠದಲ್ಲಿ ಡಿಲೀಟ್ ಜಾಗದಲ್ಲಿ ಎಸ್ಕೇಪ್ ಇತ್ತು. ಎಡಗೈ ಒಂದರಿಂದಲೇ ಅಕಸ್ಮಾತ್ ಒತ್ತಿಹೋಗುತ್ತದೆಂದು ಎರಡೂ ಕೈ ಬೇಕಾಗುವ ಹಾಗೆ ಬದಲಾಯಿಸಲಾಯಿತು. ಒಳಗೆ ನಡೆಯುತ್ತಿದ್ದುದು ಇಷ್ಟೇ: ಮೂರೂ ಕೀಲಿ ಕೂಡಿದೊಡನೆ ಮೆಮೊರಿಯ ಒಂದು ಗೊತ್ತಾದ ಮೂಲೆಯಲ್ಲಿ ಹದಿನಾರರ ಮಾನದಲ್ಲಿ 1234 ಎಂದು ಬರೆದಿಡಲಾಗುತ್ತಿತ್ತು, ಮರಳಿ ಎದ್ದ ಯಂತ್ರ ಆ ಅಂಕಿ ಕಂಡರೆ ಮೆಮೊರಿಯ ತಪಾಸಣೆ ಬಿಟ್ಟು ಮುಂದೆ ಹೋಗುತ್ತಿತ್ತು. ಅಂದರೆ ಬಿಸಿ ಮರುಚಾಲನೆಗೂ ತಣ್ಣನೆಯ ಮರುಚಾಲನೆಗೂ ನಡುವೆ ಮೊದಲ ಗೆರೆ ಎಳೆದದ್ದೇ ಅವಸರ. ಮುಂದಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಐದು ಸೆಕೆಂಡು ಮಾತಾಡದ ತಂತ್ರಾಂಶಕ್ಕೆ ‘ನಾಟ್ ರೆಸ್ಪಾಂಡಿಂಗ್’ ಎಂಬ ಹಣೆಪಟ್ಟಿ ಕಟ್ಟುವುದು ವಿಂಡೋಸಿನ ಪದ್ಧತಿ. ಪವರ್ ಬಟನ್ನನ್ನು ನಾಲ್ಕು ಸೆಕೆಂಡು ಅದುಮಿ ಹಿಡಿದರೆ ಯಂತ್ರ ಮರುಮಾತಿಲ್ಲದೆ ಸಾಯಬೇಕು ಎಂಬುದು ಪಿ.ಸಿ.ಗಳ ವಿದ್ಯುತ್ ನಿರ್ವಹಣೆಯ ಮಾನದಂಡ. ಐದು, ನಾಲ್ಕು ಎಂಬ ಈ ಅಂಕಿಗಳು ಯಾವ ರೋಗದ ಅಳತೆಯೂ ಅಲ್ಲ. ಮನುಷ್ಯ ಎಷ್ಟು ಹೊತ್ತು ತಾಳಬಲ್ಲ ಎಂದು ಎಂಜಿನಿಯರುಗಳು ಹಾಕಿದ ಅಂದಾಜು ಅವು.

ಈಗ ಹಾವೇರಿ. 1997ರಲ್ಲಿ ಹಳೆಯ ಧಾರವಾಡ ಜಿಲ್ಲೆಯನ್ನು ಬಂದ್ ಮಾಡಿ ಧಾರವಾಡ, ಗದಗ, ಹಾವೇರಿ ಎಂದು ಮೂರಾಗಿ ಚಾಲೂ ಮಾಡಿದಾಗ ಎದ್ದ ಜಿಲ್ಲಾ ಕೇಂದ್ರವಿದು. ಏಲಕ್ಕಿ ಹಾರಕ್ಕೆ ಹೆಸರಾದ ಊರು. ದೇವಗಿರಿಯ ಜಿಲ್ಲಾಡಳಿತ ಭವನದಿಂದ ಹಿಡಿದು ನಾಡಕಚೇರಿಯವರೆಗೆ ಕಚೇರಿಗಳ ಊರು. ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿ ಕೈಬರಹದ ಉತಾರವನ್ನು ರದ್ದು ಮಾಡಿದಂದಿನಿಂದ, ಹೊಲವಿದ್ದವರೆಲ್ಲ ಒಂದಲ್ಲ ಒಂದು ದಿನ ಪರದೆಯೊಂದರ ಬೆನ್ನು ನೋಡುತ್ತ ನಿಲ್ಲುವುದು ವಿಧಿಯಾಯಿತು. ಇಲ್ಲಿ ಪ್ರಬಲವಾಗಿರುವುದು ಸಾಮ, ಮತ್ತು ಅದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಸಕಾಲ ಎಂದು ಹೆಸರಾದ 2011ರ ಸೇವಾ ಖಾತರಿ ಅಧಿನಿಯಮ ಕಾಯುವಿಕೆಯನ್ನು ದಿನಗಳಲ್ಲಿ ಅಳೆಯುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಕಚೇರಿಯ ದಿನವೆಂದರೆ 8 ತಾಸು, ಅಂದರೆ 480 ನಿಮಿಷ ಎಂದು ಹಿಡಿಯಿರಿ. ಸಾಮೋಪಾಯದ ಒಂದು ಮರುಚಾಲನೆಗೆ 3 ನಿಮಿಷ ಬೇಕಾದರೆ ನಿಂತವರ ನಷ್ಟ ಸರಿಯಾಗಿ ಹನ್ನೆರಡೂವರೆ ಪೈಸೆ. ಹನ್ನೆರಡೂವರೆ ಪೈಸೆಗಾಗಿ ಪ್ಲಗ್ ಕೀಳುವ ಸಾಹಸ ಯಾವ ಗುಮಾಸ್ತರಿಗೂ ಬೇಡ. “ಎಷ್ಟೊತ್ರಿ ಇನ್ನ?” ಎಂದರೆ “ಈಗ ಏಳ್ತದ, ತಡೀರಿ” ಎಂಬ ಉತ್ತರ ಸಿದ್ಧ. ಏಳದಿದ್ದರೆ “ಊಟ ಮಾಡ್ಕೊಂಡ್ ಬರ್ರಿ” ಎಂಬುದೂ ಸಿದ್ಧ. ಪಾಳಿಗೆ ಹೋಗಲು ಬೇರೆ ಕೌಂಟರ್ ಇಲ್ಲ, ಬೇರೆ ಸರಕಾರವೂ ಇಲ್ಲ. ಹೋಗಲು ಜಾಗವಿಲ್ಲದವರ ಕಾಯುವ ಶಕ್ತಿ ಅಪಾರ. ಆದ್ದರಿಂದಲೇ ಯಂತ್ರಕ್ಕೆ ಅಲ್ಲಿ ರಾಜಮರ್ಯಾದೆ.

ರಾಣೆಬೆನ್ನೂರನ್ನು ಪತ್ರಿಕೆಗಳು ವಾಣಿಜ್ಯ ನಗರಿ ಎಂದು ಕರೆಯುತ್ತವೆ. ಬೀಜೋತ್ಪಾದನೆಗೆ, ಬೀಜದ ವ್ಯಾಪಾರಕ್ಕೆ ಹೆಸರಾದ ಪೇಟೆ. ಮುಂಗಾರು ಹದವಾಗಿ ಬಿದ್ದ ಮರುದಿನ ಗೋವಿನಜೋಳದ ಬೀಜಕ್ಕೆ ಬಂದ ರೈತನ ತಲೆಯಲ್ಲಿ ಇರುವುದು ಹೊಲದ ಹಸಿ. ಆರಿದ ಹಸಿ ಯಾವ ಅಧಿನಿಯಮದಿಂದಲೂ ತಿರುಗಿ ಬರದು. ಬಿಲ್ಲು ಹಾಕುವ ಯಂತ್ರ ಕೈಕೊಟ್ಟರೆ ಆತ ಎರಡು ಅಂಗಡಿ ದಾಟಿ ಮೂರನೆಯದಕ್ಕೆ ಹೋಗುತ್ತಾನೆ, ಹಾಗೆ ಹೋದ ಗಿರಾಕಿ ಬರುವ ವರ್ಷವೂ ಅಲ್ಲಿಗೇ ಹೋಗುತ್ತಾನೆ. ಹೀಗಿರುವಾಗ ಯಂತ್ರದ ಒಪ್ಪಿಗೆ ಕೇಳುತ್ತ ಕೂಡುವ ಸಾಮ ಅಂಗಡಿಕಾರರಿಗೆ ಕಟ್ಟುವುದಿಲ್ಲ. ದಂಡಕ್ಕೆ ಹೋಗೋಣವೆಂದರೆ ಬೆಳಗಿನಿಂದ ಹಾಕಿದ ಬಿಲ್ಲುಗಳ ಲೆಕ್ಕ ಅದರೊಳಗೇ ಇದೆ, ಜಿ.ಎಸ್.ಟಿ.ಗೆ ಅದೇ ಆಧಾರ. ಗಿರಾಕಿಯೂ ಹೋಗಬಾರದು, ಲೆಕ್ಕವೂ ಹೋಗಬಾರದು ಎನ್ನುವವರಿಗೆ ಉಳಿಯುವುದು ಭೇದವೊಂದೇ. ಎಡಗೈಯಲ್ಲಿ ಎರಡು ಕೀಲಿ, ಬಲಗೈಯಲ್ಲಿ ಒಂದು. ಬಾಯಿ ಮಾತ್ರ ಗಿರಾಕಿಯ ಕಡೆ ತಿರುಗಿ ಈ ಸಲದ ಮಳೆಯ ಬಗ್ಗೆ ಮಾತಾಡುತ್ತಿರಬೇಕು. ಬೀಜದ ಹೆಸರು, ಹೊಲದ ಎಕರೆ, ಹೋದ ವರ್ಷದ ಇಳುವರಿ ಇವನ್ನು ವಿಚಾರಿಸುವಷ್ಟರಲ್ಲಿ ಹಟಮಾರಿ ತಂತ್ರಾಂಶ ಮುಗಿದು ಹೊಸದಾಗಿ ತೆರೆದಿರುತ್ತದೆ. ಭೇದೋಪಾಯದ ಕಾಲಾವಧಿ ಒಂದು ಕುಶಲಪ್ರಶ್ನೆಯ ಕಾಲಾವಧಿಗೆ ಸಮ ಎಂಬ ಉಪಸಿದ್ಧಾಂತವನ್ನು ಇಲ್ಲಿ ಧಾರಾಳವಾಗಿ ಸ್ಥಾಪಿಸಬಹುದು.

ಬ್ಯಾಡಗಿಯ ಮಾತೇ ಬೇರೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮೆಣಸಿನಕಾಯಿ ಊರು. ಕಡ್ಡಿ, ಡಬ್ಬಿ ಎಂಬ ಎರಡು ಜಾತಿಗಳಿಂದ ದೇಶವೆಲ್ಲ ಬಲ್ಲ ಮಾರುಕಟ್ಟೆ. ವ್ಯಾಪಾರ ಸೋಮವಾರ ಮತ್ತು ಗುರುವಾರ. ಹಂಗಾಮಿನಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲ ಬಂದು ಬೀಳುತ್ತವೆ. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಮೇಲೆ ರಾಶಿಗೊಂದು ಲಾಟ್ ನಂಬರು ಬಿದ್ದು, ಖರೀದಿದಾರರು ಕಂಪ್ಯೂಟರಿನಲ್ಲಿ ದರ ನಮೂದಿಸುವ ಇ-ಟೆಂಡರ್ ಪದ್ಧತಿ ನೆಲೆಗೊಂಡಿತು. ಟೆಂಡರಿಗೆ ಹೊತ್ತು ಗೊತ್ತು. ಹೊತ್ತು ಮೀರಿದರೆ ಆ ಲಾಟು ಬೇರೆಯವರ ಪಾಲು. ಇಲ್ಲಿ ಕಾಯುವ ಶಕ್ತಿ ಸೊನ್ನೆ. ಮೇಲಾಗಿ ನಿಸರ್ಗವೂ ದಂಡದ ಪಕ್ಷಪಾತಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಲೋಕಪ್ರಸಿದ್ಧ. ಆದರೆ ಆ ಸೌಮ್ಯ ಗುಣ ಅದರ ಧೂಳಿಗೆ ಬಂದಿಲ್ಲ. ಆ ಧೂಳಿಗೆ ಮನುಷ್ಯರು ಸೀನಿ ಹಗುರಾಗುತ್ತಾರೆ. ಯಂತ್ರಕ್ಕೆ ಸೀನು ಬರುವುದಿಲ್ಲ. ಧೂಳು ಯಾವುದೇ ಇರಲಿ, ಫ್ಯಾನಿನ ರೆಕ್ಕೆಗೆ, ಶಾಖ ಹೀರುವ ಲೋಹದ ಸಂದಿಗೆ ಕೂತರೆ ಪ್ರೊಸೆಸರ್ ಕಾದು, ಮೊದಲು ತನ್ನ ವೇಗ ತಗ್ಗಿಸಿಕೊಂಡು, ಕಡೆಗೆ ಪ್ರಾಣರಕ್ಷಣೆಗಾಗಿ ತಾನೇ ಆರಿಹೋಗುತ್ತದೆ. ಟೆಂಡರಿನ ಕೊನೆಯ ಗಳಿಗೆಯಲ್ಲಿ ಮಂದವಾದ ಯಂತ್ರದ ಮುಂದೆ ದಲಾಲರು, ಖರೀದಿದಾರರು, ಚೀಲದ ಒಡೆಯರು ಒಟ್ಟಿಗೆ ನಿಂತಿರುವಾಗ ಸ್ಟಾರ್ಟ್ ಮೆನು ಹುಡುಕುವ ಧೀರರು ಅಪರೂಪ. “ಏ, ಸ್ವಿಚ್ ಆರಿಸೋ ಅತ್ಲಾಗ!” ಎಂಬ ಆಪ್ತವಾಕ್ಯವೇ ಅಲ್ಲಿನ ತಾಂತ್ರಿಕ ನೆರವು. ಮೂರು ಊರುಗಳಿಂದ ವ್ಯಾಪ್ತಿ ಸಿದ್ಧಿಸಿತು: ಎಲ್ಲೆಲ್ಲಿ ಕಾಯುವ ಶಕ್ತಿ ಕಡಿಮೆಯೋ ಅಲ್ಲಲ್ಲಿ ಉಪಾಯ ಉಗ್ರ.

ಮೊದಲ ಆಕ್ಷೇಪ ತಂತ್ರಜ್ಞರದು. ಎಷ್ಟೇ ಆದರೂ ರೋಗ ರೋಗವೇ. ತಪ್ಪು ಉಪಾಯ ಹಿಡಿದರೆ ಯಂತ್ರ ಗುಣವಾಗದು ಎನ್ನುತ್ತಾರೆ ಅವರು. ಇದಕ್ಕೆ ಅವರದೇ ಪರಂಪರೆಯ ಪ್ರಮಾಣಪುರುಷರೊಬ್ಬರಿಂದ ಉತ್ತರ ಸಿಗುತ್ತದೆ. ಟ್ಯಾಂಡೆಮ್ ಕಂಪ್ಯೂಟರ್ಸ್ ಸಂಸ್ಥೆಯಲ್ಲಿದ್ದ ಜಿಮ್ ಗ್ರೇ 1985ರಲ್ಲಿ, ಕಂಪ್ಯೂಟರುಗಳು ಯಾಕೆ ನಿಲ್ಲುತ್ತವೆ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಸಿ ಒಂದು ಪ್ರಬಂಧ ಬರೆದರು. ಬಳಕೆಗೆ ಬಂದು ಪಳಗಿದ ತಂತ್ರಾಂಶದಲ್ಲಿ ಉಳಿಯುವ ದೋಷಗಳಲ್ಲಿ ಬಹುಪಾಲು ಕ್ಷಣಿಕ; ಅಪರೂಪದ ಸನ್ನಿವೇಶಗಳು ಒಂದಕ್ಕೊಂದು ತಾಗಿದಾಗ ಹುಟ್ಟುತ್ತವೆ, ಹುಡುಕಲು ಹೋದರೆ ಮಾಯವಾಗುತ್ತವೆ, ಹೊಸದಾಗಿ ಆರಂಭಿಸಿದರೆ ಮರುಕಳಿಸುವುದು ವಿರಳ ಎಂಬುದು ಅವರ ವಾದದ ಸಾರ. ಇದರ ತಾರ್ಕಿಕ ಪರಿಣಾಮವನ್ನು ಆಕ್ಷೇಪಕರು ಗಮನಿಸಿಲ್ಲ. ಸನ್ನಿವೇಶ ಚದುರಿದರೆ ಸಾಕು ದೋಷ ಹೋಗುತ್ತದೆ ಎಂದಾದರೆ, ಸಾಮದಿಂದ ಚದುರಿಸಿದರೂ ದಂಡದಿಂದ ಚದುರಿಸಿದರೂ ಫಲ ಒಂದೇ. ಎಲ್ಲ ಮದ್ದೂ ನಾಟುವ ರೋಗವು ಮದ್ದನ್ನು ಆರಿಸಲಾರದು. ಆರಿಸುವ ಶಕ್ತಿ ರೋಗದ ಹೊರಗೆಲ್ಲೋ ಇರಲೇಬೇಕು. ಹಾಗಾದರೆ ಡಬ್ಬ ಬಿಚ್ಚಿ, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲಾಮಕ್ಕಳ ರಬ್ಬರಿನಿಂದ ಉಜ್ಜಿ ಕೂಡಿಸುವ ರಿಪೇರಿ ಅಂಗಡಿಯವರ ಕ್ರಮ ರೋಗಾಧಾರಿತವಲ್ಲವೇ? ಖಂಡಿತ ಹೌದು. ಆದರೆ ಅಲ್ಲಿಗೆ ಯಂತ್ರ ಬರುವುದು ಎದುರು ನಿಂತವರೆಲ್ಲ ಮನೆಗೆ ಹೋದ ಮೇಲೆ. ಪಾಳಿ ಕರಗಿದಲ್ಲಿ ಮಾತ್ರ ರೋಗಕ್ಕೆ ಬೆಲೆ ಎಂಬುದು ನಮ್ಮ ಪಕ್ಷಕ್ಕೇ ಪುಷ್ಟಿ.

ಎರಡನೆಯ ಆಕ್ಷೇಪ ಹೀಗಿದೆ: ಯಂತ್ರವೇ ನೀಲಿ ಪರದೆಯ ಮೇಲೆ ತನ್ನ ರೋಗದ ಹೆಸರು ಬರೆದು ತೋರಿಸುವಾಗ, ನೋಡುವವರ ತಾಳ್ಮೆಗೆ ಎಲ್ಲಿಯ ಪಾತ್ರ? ಇದನ್ನು ತೂಗಲು ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋಗಬೇಕು. ದಸರೆಯ ಸಮಯದಲ್ಲಿ ಮಾಲತೇಶನ ಸನ್ನಿಧಿಯ ಗೊರವಯ್ಯ ಬಿಲ್ಲನ್ನೇರಿ, ಸಾವಿರಾರು ಜನ ಉಸಿರು ಬಿಗಿಹಿಡಿದಿರುವಾಗ, ಒಂದೇ ಒಂದು ಸಾಲಿನ ಕಾರಣಿಕ ನುಡಿಯುತ್ತಾರೆ. ಸಾಲು ಅಡಕವಾಗಿರುತ್ತದೆ, ಆಮೇಲೆ ವಾರಗಟ್ಟಲೆ ಜಿಲ್ಲೆಯೆಲ್ಲ ಅದರ ಅರ್ಥ ಬಿಡಿಸುತ್ತದೆ. ಮಳೆಯೆನ್ನುವವರು, ಬೆಳೆಯೆನ್ನುವವರು, ಮುಖ್ಯಮಂತ್ರಿಯ ಕುರ್ಚಿಯೆನ್ನುವವರು ತಂತಮ್ಮ ವಾದ ಮಂಡಿಸುತ್ತಾರೆ. ನೀಲಿ ಪರದೆಯೂ ಒಂದೇ ಸಾಲು ನುಡಿಯುತ್ತದೆ: “ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್.” ಇದು ಕಾರಣಿಕಕ್ಕಿಂತ ಅಡಕ. ಆದರೆ ಇದರ ಅರ್ಥ ಬಿಡಿಸಲು ಯಾವ ಕಟ್ಟೆಯ ಮೇಲೂ ಜನ ಕೂಡಿದ್ದಿಲ್ಲ. ಯಾವುದು ಯಾವುದಕ್ಕಿಂತ ಕಡಿಮೆಯಿಲ್ಲ, ಯಾವುದಕ್ಕೆ ಸಮವಿಲ್ಲ ಎಂದು ಕೇಳಿದವರಿಲ್ಲ. 2012ರ ವಿಂಡೋಸ್ 8ರಲ್ಲಿ ಅದಕ್ಕೆ ಸಪ್ಪೆ ಮೋರೆಯ ಚಿಹ್ನೆ ಸೇರಿಸಿ ಕನಿಕರ ಹುಟ್ಟಿಸುವ ಪ್ರಯತ್ನವೂ ನಡೆಯಿತು. ಸಂಕೇತ ಯಾವುದೇ ಇರಲಿ, ಎಲ್ಲರೂ ಮಾಡುವುದು ಒಂದನ್ನೇ. ಓದದ ಚೀಟಿಯ ಪ್ರಕಾರ ಔಷಧಿ ಕೊಟ್ಟೆವೆಂದು ಯಾವ ವೈದ್ಯರೂ ಹೇಳಲಾರರು. ಆದ್ದರಿಂದ ನೀಲಿ ಪರದೆ ಪ್ರಮಾಣವಲ್ಲ, ಬರೀ ಅಲಂಕಾರ.

ಮೂರನೆಯ ಆಕ್ಷೇಪ ಅತ್ಯಂತ ಬಲವಾದದ್ದು, ಅದನ್ನು ಎತ್ತುವವರು ಅನುಭವಸ್ಥರು. ಸರ್ವರ್ ಇರುವುದು ಬೆಂಗಳೂರಿನಲ್ಲಿ. “ಸರ್ವರ್ ಇಲ್ರೀ” ಎಂದ ಮೇಲೆ ಹಾವೇರಿಯ ಪಿ.ಸಿ.ಯನ್ನು ಯಾವ ಉಪಾಯದಿಂದ ಎಬ್ಬಿಸಿದರೇನು? ಕಂಬದ ದೀಪ ಆರಿದ್ದಕ್ಕೆ ಮನೆಯ ಸ್ವಿಚ್ ಒತ್ತಿದ ಹಾಗಾಗಲಿಲ್ಲವೇ? ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಿಕೊಳ್ಳುತ್ತೇವೆ, ಒಪ್ಪಿಕೊಂಡಷ್ಟೂ ನಮ್ಮ ಸಿದ್ಧಾಂತ ಗಟ್ಟಿಯಾಗುತ್ತದೆ. ಸರ್ವರ್ ಕೆಟ್ಟ ದಿನ ಎದುರಿನ ಪಿ.ಸಿ.ಗೆ ರೋಗವೇ ಇಲ್ಲ. ಆದರೂ ಅದಕ್ಕೆ ಮರುಚಾಲನೆ ಆಗುತ್ತದೆ, ಒಮ್ಮೆ ಅಲ್ಲ, ಹಲವು ಸಲ. ರೋಗವಿಲ್ಲದಲ್ಲೂ ಚಿಕಿತ್ಸೆ ನಡೆಯುವುದಾದರೆ ಚಿಕಿತ್ಸೆಗೆ ರೋಗ ಕಾರಣವಲ್ಲ ಎಂಬುದನ್ನು ತರ್ಕದ ಮೊದಲ ಪುಟ ಓದಿದವರೂ ಒಪ್ಪಬೇಕು. ಇಲ್ಲಿ ಚಿಕಿತ್ಸೆ ಪಾಳಿಗೆ. ಪರದೆ ಕಪ್ಪಾದ ಗಳಿಗೆಯಿಂದ ಲಾಂಛನ ಮೂಡುವವರೆಗಿನ ಅವಧಿಯಲ್ಲಿ ಕುಂತವರನ್ನು ಬೈಯುವುದು ನ್ಯಾಯವಲ್ಲ ಎಂಬ ಒಪ್ಪಂದ ಎಲ್ಲ ಕಡೆ ಇದೆ, ಯಾಕೆಂದರೆ ಏನೋ ಒಂದು ನಡೆಯುತ್ತಿದೆ. ಸುಮ್ಮನೆ ಕುಂತ ನೌಕರರಿಗೆ ಸಿಗದ ಗೌರವ ಮರುಚಾಲನೆ ಮಾಡುತ್ತ ಕುಂತವರಿಗೆ ಸಿಗುತ್ತದೆ. ಲೋಕದ ಸಾಕ್ಷಿಯೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಯುಕ್ತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದಾಗ, ಮೈಕ್ರೊಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ ಹೇಳಿದ್ದು ಬಂದ್ ಮಾಡಿ ಚಾಲೂ ಮಾಡಿ ಎಂದೇ. ಕೆಲವರಿಗೆ 15 ಸಲದವರೆಗೂ ಮಾಡಬೇಕಾಗಿ ಬಂದಿದೆ ಎಂಬುದನ್ನೂ ಅದು ಸೇರಿಸಿತು. ಹಾವೇರಿಯ ಮಹಾವಾಕ್ಯಕ್ಕೆ ಇದಕ್ಕಿಂತ ದೊಡ್ಡ ಅನುಮೋದನೆ ಬೇಕಿಲ್ಲ.

ಇನ್ನು ಕರ್ತೃವಿಲ್ಲದ ಐದನೆಯ ವಿಧಾನ. ಕರೆಂಟ್ ಹೋದಾಗ ಯಾರ ತಾಳ್ಮೆಯೂ ಕೆಲಸ ಮಾಡುವುದಿಲ್ಲ, ಆದ್ದರಿಂದ ಸಿದ್ಧಾಂತ ಇಲ್ಲಿ ಕುಸಿಯುತ್ತದೆ ಎಂಬುದು ನಾಲ್ಕನೆಯ ಆಕ್ಷೇಪ. ಮೀಮಾಂಸಕರು ವೇದವನ್ನು ಅಪೌರುಷೇಯವೆಂದರು. ಬರೆದವರಿಲ್ಲವಾದ್ದರಿಂದ ಬರೆದವರ ದೋಷವೂ ಅದರಲ್ಲಿಲ್ಲ ಎಂಬುದು ಅವರ ವಾದ. ಕರೆಂಟಿನ ಮರುಚಾಲನೆಯೂ ಹಾಗೆಯೇ. ಕೆಇಬಿಯನ್ನು 1999ರಲ್ಲಿ ಬಂದ್ ಮಾಡಿ ಕೆಪಿಟಿಸಿಎಲ್ ಎಂದು, 2002ರಲ್ಲಿ ಅದರ ವಿತರಣೆಯ ಕೆಲಸವನ್ನು ಬೇರ್ಪಡಿಸಿ ನಮ್ಮ ಭಾಗಕ್ಕೆ ಹೆಸ್ಕಾಂ ಎಂದು ಚಾಲೂ ಮಾಡಲಾಯಿತು. ಜನರ ಬಾಯಲ್ಲಿ ಅದಿನ್ನೂ ಕೆಇಬಿಯೇ. ಕರೆಂಟ್ ಹೋದೊಡನೆ ಕುಂತವರೂ ನಿಂತವರೂ ಒಂದೇ ಪಕ್ಷದವರಾಗುತ್ತಾರೆ, ಇಬ್ಬರೂ ಮೇಲೆ ಫ್ಯಾನಿನ ಕಡೆ ನೋಡುತ್ತಾರೆ. ದೋಷ ಹೊರಿಸಲು ಯಾರೂ ಎದುರಿಗಿಲ್ಲದ ಈ ಸ್ಥಿತಿಯಲ್ಲಿ ಕಾಯುವ ಶಕ್ತಿ ತಟ್ಟನೆ ಹೆಚ್ಚುತ್ತದೆ. ಸಾಮಕ್ಕೆ ಮೂರು ನಿಮಿಷ ಕೊಡದವರೂ ಕರೆಂಟಿಗೆ ಮೂರು ತಾಸು ಕೊಡುತ್ತಾರೆ. ಸಿದ್ಧಾಂತ ಕುಸಿಯಲಿಲ್ಲ, ಕಾರಣ ಮತ್ತು ಕಾರ್ಯ ಜಾಗ ಬದಲಿಸಿದವು: ಉಳಿದ ನಾಲ್ಕರಲ್ಲಿ ತಾಳ್ಮೆ ವಿಧಾನವನ್ನು ಹುಟ್ಟಿಸಿದರೆ ಇಲ್ಲಿ ವಿಧಾನವೇ ತಾಳ್ಮೆಯನ್ನು ಹುಟ್ಟಿಸುತ್ತದೆ. ಕಡತ ಹಾಳಾಗದೇ ಎಂಬ ಉಪಾಕ್ಷೇಪಕ್ಕೆ ಉತ್ತರ: ವಿಂಡೋಸ್ 98ರ ಕಾಲದಲ್ಲಿ ಹೀಗೆ ಆರಿದ ಯಂತ್ರ ಎದ್ದ ಕೂಡಲೇ ಸ್ಕ್ಯಾನ್‌ಡಿಸ್ಕ್ ಎಂಬ ಪ್ರಾಯಶ್ಚಿತ್ತ ಮಾಡಿಸುತ್ತಿತ್ತು, ಬದಲಾವಣೆಗಳನ್ನು ಮೊದಲೇ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುವ ಎನ್‌ಟಿಎಫ್‌ಎಸ್ ರೂಢಿಗೆ ಬಂದ ಮೇಲೆ ಡಿಸ್ಕಿನ ವ್ಯವಸ್ಥೆ ಬಹುಮಟ್ಟಿಗೆ ಉಳಿಯುತ್ತದೆ. ಉಳಿಸದೆ ಬಿಟ್ಟ ಪತ್ರ ಮಾತ್ರ ಹೋಗುತ್ತದೆ. ಅದನ್ನು ಯಾವ ಶಾಸ್ತ್ರವೂ ತಂದುಕೊಡದು.

ಕೊನೆಯ ಆಕ್ಷೇಪ ನೀತಿವಾದಿಗಳದು. ಜನರ ಅವಸರಕ್ಕೆ ಯಂತ್ರವನ್ನು ಹೀಗೆ ಮತ್ತೆ ಮತ್ತೆ ಕೆಡವಿ ಎಬ್ಬಿಸುವುದು ಸರಿಯೇ, ಪಾಳಿ ಇಲ್ಲದಿದ್ದರೆ ಅದು ನೆಮ್ಮದಿಯಾಗಿ ಬಾಳುತ್ತಿರಲಿಲ್ಲವೇ ಎಂದು ಅವರ ಪ್ರಶ್ನೆ. ಪಾಳಿ ಇಲ್ಲದ ಯಂತ್ರಗಳ ಗತಿ ದಾಖಲಾಗಿದೆ. ವಿಂಡೋಸ್ 95 ಮತ್ತು 98 ಮಿಲಿಸೆಕೆಂಡುಗಳನ್ನು 32 ಬಿಟ್ಟುಗಳ ಪೆಟ್ಟಿಗೆಯಲ್ಲಿ ಎಣಿಸುತ್ತಿದ್ದವು; 49 ದಿನ 17 ತಾಸು ಬಿಡದೆ ಓಡಿದರೆ ಪೆಟ್ಟಿಗೆ ತುಂಬಿ ಯಂತ್ರ ಸ್ತಬ್ಧವಾಗುತ್ತಿತ್ತು. ಅಷ್ಟು ದಿನ ಯಾರೂ ಅದನ್ನು ನೆಮ್ಮದಿಯಾಗಿ ಬಿಡದ ಕಾರಣ ಈ ದೋಷ ವರ್ಷಗಟ್ಟಲೆ ಕಣ್ಣಿಗೇ ಬೀಳಲಿಲ್ಲ. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳು 248 ದಿನ ಸತತವಾಗಿ ಚಾಲೂ ಇದ್ದರೆ ಒಟ್ಟಿಗೆ ಕೈಬಿಡಬಹುದೆಂದು ತಿಳಿದಾಗ, ಅವನ್ನು ಆಗಾಗ ಬಂದ್ ಮಾಡಬೇಕೆಂದು 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಆಜ್ಞೆಯನ್ನೇ ಹೊರಡಿಸಿತು. ಇನ್ನೊಂದು ಉದಾಹರಣೆಯಲ್ಲಿ ನಗೆಗೆ ಎಡೆಯಿಲ್ಲ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯದ ದಹ್ರಾನಿನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ 100 ತಾಸಿಗೂ ಹೆಚ್ಚು ಹೊತ್ತು ಎಡೆಬಿಡದೆ ಓಡಿ, ಅದರ ಗಡಿಯಾರ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿ, ಎದುರಾಳಿಯ ಕ್ಷಿಪಣಿಯನ್ನು ಗುರುತಿಸದೆ 28 ಸೈನಿಕರು ಸತ್ತರು. ಬಹಳ ಹೊತ್ತು ಓಡಿಸಬೇಡಿ ಎಂಬ ಎಚ್ಚರಿಕೆ ಮೊದಲೇ ಬಂದಿತ್ತು. ಬಹಳ ಹೊತ್ತೆಂದರೆ ಎಷ್ಟು ಎಂದು ಅದರಲ್ಲಿ ಇರಲಿಲ್ಲ. ಈ ಯಂತ್ರಗಳ ಎದುರು “ಒಮ್ಮೆ ಬಂದ್ ಮಾಡ್ರಿ” ಎನ್ನುವ ಪಾಳಿ ಇರಲಿಲ್ಲ ಎಂಬುದಷ್ಟೇ ನಮ್ಮ ವಾದಕ್ಕೆ ಬೇಕಾದ ಸಂಗತಿ.

ಇದನ್ನು ಕಚೇರಿಗೆ ಅನ್ವಯಿಸಿ ನೋಡಿದರೆ ಸಿದ್ಧಾಂತ ಪೂರ್ಣವಾಗುತ್ತದೆ. ಸಂಜೆ ಹೊತ್ತಿಗೆ ‘ಶಟ್ ಡೌನ್’ ಒತ್ತಿ ಮನೆಗೆ ಹೋಗುವ ನೌಕರರು, ಯಂತ್ರವೂ ತಮ್ಮಂತೆ ಎಲ್ಲ ಮರೆತು ಮಲಗಿತೆಂದು ಭಾವಿಸುತ್ತಾರೆ. ಆದರೆ ವಿಂಡೋಸ್ 8ರಿಂದ ಈಚೆಗೆ ಬೇಗ ಏಳಲಿಕ್ಕೆಂದು ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಸೇರಿದೆ. ಅದು ಇರುವವರೆಗೆ, ಶಟ್ ಡೌನ್ ಮಾಡಿದರೂ ಯಂತ್ರ ವ್ಯವಸ್ಥೆಯ ಒಳತಿರುಳನ್ನು ಡಿಸ್ಕಿನಲ್ಲಿ ಹಾಗೇ ಬರೆದಿಟ್ಟುಕೊಂಡು ಬೆಳಿಗ್ಗೆ ನಿನ್ನೆಯ ತಲೆಬಿಸಿಯೊಂದಿಗೇ ಏಳುತ್ತದೆ. ಎಲ್ಲವನ್ನೂ ಮರೆತು ಹೊಸದಾಗಿ ಹುಟ್ಟುವುದು ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ, ಮತ್ತು ಅದನ್ನು ಒತ್ತಿಸುವವರು ಪಾಳಿಯಲ್ಲಿ ನಿಂತವರು ಮಾತ್ರ. ಆದ್ದರಿಂದ ಜಿಲ್ಲೆಯ ಕಂಪ್ಯೂಟರುಗಳ ಆರೋಗ್ಯ ಕಾಪಾಡುತ್ತಿರುವವರು ಉತಾರಕ್ಕೆ, ಬೀಜಕ್ಕೆ, ಟೆಂಡರಿಗೆ ಬಂದು ಕಾಲು ನೋಯಿಸಿಕೊಂಡವರು. ಈ ಬೆಳಕಿನಲ್ಲಿ ಸಕಾಲದ 20 ರೂಪಾಯಿಯನ್ನು ಪರಿಹಾರ ಎನ್ನುವುದು ತಪ್ಪು. ಅದು ಯಂತ್ರಪಾಲನೆಯ ದಿನಭತ್ಯೆ ಎಂದು ಅಧಿನಿಯಮವನ್ನು ತಿದ್ದಬೇಕು. 500ರ ಮಿತಿಯ ಪ್ರಕಾರ ಭತ್ಯೆ 25 ದಿನಕ್ಕೆ ಮುಗಿಯುತ್ತದೆ. 26ನೆಯ ದಿನದಿಂದ ಕಂಪ್ಯೂಟರ್ ತಾನಾಗಿ ನೆಟ್ಟಗಿರುತ್ತದೆ ಎಂಬುದಕ್ಕೆ ಮೇಲೆ ವಿಚಾರಿಸಿದ ಯಾವ ಪ್ರಮಾಣದಲ್ಲೂ ಆಧಾರ ಸಿಕ್ಕಿಲ್ಲವಾದ್ದರಿಂದ ಆ ಮಿತಿಯನ್ನೂ ತೆಗೆದುಹಾಕುವುದು ಶಾಸ್ತ್ರಸಮ್ಮತ.